ಸೀತನಿ ಪಾರ್ಟಿಗೆ ಚೀಸು-ಸಲಾಮಿ ತಾಟು ಬರ್ಲಾಕತ್ತದ, ಜೋಡಿ ಯಾವ ವೈನ್ ತರ್ಲಿ?

ಅಕ್ಕಲಕೋಟ_ದ್ರಾಕ್ಷಿ

ನಮಸ್ಕಾರ್ರಿ ಎಲ್ಲಾರ್ಗೂ. ಅಕ್ಕಲಕೋಟ ತಾಲೂಕಿನಾವ ನಾನು. ಮೂರು ಎಕರೆ ದ್ರಾಕ್ಷಿ ಅದ, ಎಲ್ಲಾ ಥಾಮ್ಸನ್ ಅಂತ ಬೀಜಿಲ್ಲದ ಜಾತಿ, ಒಣಗಿಸಿ ಬೇದಾಣಾ (ಒಣದ್ರಾಕ್ಷಿ) ಮಾಡಿ ತಾಸಗಾಂವ್ ಮಾರ್ಕೆಟ್ಟಿಗೆ ಹಾಕ್ತೀವಿ. ದ್ರಾಕ್ಷಿ ಬೆಳಿಯೋದು ಗೊತ್ತದ, ಕುಡಿಯೋದು ಗೊತ್ತಿಲ್ಲ, ಅದಕ್ಕ ಈ ಪ್ರಶ್ನಿ.

ನನ್ನ ತಂಗಿ ಪುಣೇದಾಗ ಕೆಲ್ಸ ಮಾಡ್ತಾಳ. ಆಕಿ ಆಫೀಸಿನವ್ರು ಎಂಟು ಮಂದಿ ಮುಂದಿನ ವಾರ ಸೀತನಿ (ಕೆಂಡದಾಗ ಸುಟ್ಟ ಎಳೇ ಜೋಳ) ತಿನ್ಲಾಕ ನಮ್ಮ ಹೊಲಕ್ಕ ಬರ್ಲಾಕತ್ತಾರ. ಅವ್ರೇ ಒಂದು ದೊಡ್ಡ ತಾಟು ತರ್ತಾರಂತ, ಚಿಕನ್ ಸಲಾಮಿ, ಹೊಗಿ ಹಾಕಿದ ಹ್ಯಾಮು, ಪುಣೇದ ಅಂಗಡಿಯಿಂದ ಒಂದು ಪಾಕೀಟು ಇಂಪೋರ್ಟೆಡ್ ಇಟಲಿ ಸಲಾಮಿ, ಮ್ಯಾಲ ಚೀಸು ನಾಕು ನಮೂನಿ, ಗೌಡಾ, ಚೆಡ್ಡರ್, ಬ್ರೀ ಅಂತ ಒಂದು ಮೆತ್ತಂದು, ಇನ್ನೊಂದು ನೀಲಿ ಬೂಸ್ಟು ಹಿಡದದ್ದು (ಹೌದ್ರಿ, ಬೇಕಂತ್ಲೇ ಹಿಡಿಸಿದ್ದಂತ). ನಮ್ಮ ಕಡಿಂದ ಸೀತನಿ, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಬೇದಾಣಾ. ತಂಗಿ ಫೋನ್ ಮಾಡಿ "ಅಣ್ಣಾ ವೈನ್ ಅಷ್ಟು ನೀ ನೋಡ್ಕೋ" ಅಂದು ಇಟ್ಟುಬಿಟ್ಟಳು.

ಹೋದ ವರ್ಷ ಒಂದು ಅಂಗಡ್ಯಾಗ ರೆಡ್ ವೈನ್ ಕೊಡ್ರಿ ಅಂದ್ರ ಒಂದು ಬಾಟ್ಲಿ ಕೊಟ್ಟಿದ್ದ, ಮನಿಗೆ ಬಂದು ನೋಡಿದ್ರ ಕೆಮ್ಮಿನ ಔಷಧಿ ಹಂಗ ಸೀ. ಆಮ್ಯಾಲ ಗೊತ್ತಾತು ಅದು ಪೋರ್ಟ್ ಅಂತ. ಬಾಟ್ಲಿ ಮ್ಯಾಲ ಇಂಗ್ಲಿಷ್, ಅಂಗಡ್ಯಾವ ಮರಾಠಿ, ನಾ ಕೇಳೋದು ಕನ್ನಡದಾಗ, ಹಿಂಗಾಗಿ ಇಲ್ಲಿ ಬಂದೀನಿ. ನಾಕೈದು ಬಾಟ್ಲಿ ಸಾಕು ಅನಸ್ತದ. ಮಾಂಸ ಅದ ಅಂದ್ರ ಎಲ್ಲಾ ರೆಡ್ಡೇ ತರ್ಲ್ಯಾ?

ಸೊಲ್ಲಾಪುರ_ಸಿದ್ದು

ತಮ್ಮಾ, ಊರ ಮುಂದ ಗಂಗಿ ಇಟ್ಕೊಂಡು ನೀರಿಗೆ ಅಳಬ್ಯಾಡ. ಅಕ್ಲೂಜ್ ನಮ್ಮ ಜಿಲ್ಲಾದಾಗೇ ಅದ, ಫ್ರಾಟೆಲ್ಲಿ ವೈನ್ ಅಲ್ಲೇ ಮಾಡೋದು. ಇಟಲಿ ಭಾಷಾದಾಗ ಫ್ರಾಟೆಲ್ಲಿ ಅಂದ್ರ ಅಣ್ತಮ್ಮಂದಿರು. ಮೂರು ಜೋಡಿ ಅಣ್ತಮ್ಮಂದಿರು ಸೇರಿ ಶುರು ಮಾಡ್ಯಾರ, ಒಂದು ಜೋಡಿ ಅಕ್ಲೂಜಿನ ಮೋಹಿತೆ-ಪಾಟೀಲರದು, ಒಂದು ದಿಲ್ಲಿ ಕಡಿದು, ಒಂದು ಇಟಲಿದು, ಜೋಡಿ ವೈನ್ ಮಾಡೋ ಪಿಯೆರೋ ಮಾಸಿ ಅಂತ ಒಬ್ಬ ಮುದುಕ. ಒಟ್ಟು ಏಳು ಮಂದಿ, ಅದಕ್ಕ ಅವ್ರ ದೊಡ್ಡ ವೈನಿಗೆ ಸೆಟ್ಟೆ ಅಂತ ಹೆಸ್ರು, ಇಟಲಿಯವ್ರು ಏಳಕ್ಕ ಸೆಟ್ಟೆ ಅಂತಾರ. ಬಳ್ಳಿ ಯುರೋಪಿನಿಂದ ತರ್ಸಿ ಹಚ್ಯಾರ, ನಾ ಹೋಗಿ ನೋಡಿ ಬಂದೀನಿ.

ಸೀದಾ ಹೇಳ್ತೀನಿ, ಎರಡು ಸೆಟ್ಟೆ ಎರಡು ಕ್ಯಾಬರ್ನೆ ತಗೋ, ಮಾಂಸ ಅಂದ್ರ ಕೆಂಪು, ಮೀನಂದ್ರ ಬಿಳಿ, ಇಷ್ಟೇ ಲೆಕ್ಕ. ಫ್ರಿಜ್‌ನಾಗ ಇಡಬ್ಯಾಡ ಮತ್ತ, ರೆಡ್ ವೈನ್ ರೂಮ್ ಟೆಂಪರೇಚರ್‌ನಾಗೇ ಕೊಡಬೇಕು.

ಆದೋನಿ_ಗುಂಟೂರ್_ಮಿರ್ಚಿ

ಬೀರ್ ತಂದ್ರೆ ಮುಗೀತಲ್ಲ ಅಣ್ಣ, ಇದಕ್ಯಾಕ ಇಷ್ಟು ತಲಿಕೆಡಿಸ್ಕಂತೀರಿ

ಕುಂಬ್ಳೆ_ಕರಾವಳಿ

ಸಿದ್ದು ಅಣ್ಣ ಬೇಜಾರು ಮಾಡ್ಬೇಡಿ, ಆದ್ರೆ ನೀವು ಹೇಳಿದ ಎರಡೂ ನಿಯಮ ಈ ತಾಟಿಗೆ ಸರಿಹೋಗುದಿಲ್ಲ. ನಾನು ಒಂಬತ್ತು ವರ್ಷ ಕ್ರೂಸ್ ಹಡಗಲ್ಲಿ ಡೈನಿಂಗಲ್ಲಿ ಇದ್ದೆ, ದಿನಾ ಸಂಜೆ ಇದೇ ಕೆಲಸ, ಚೀಸ್ ಬೋರ್ಡು ತೆಗೊಂಡು ಹೋಗುದು, ವೈನ್ ಬಗ್ಗಿಸುದು, ಗೆಸ್ಟು ಮುಖ ಹುಳಿ ಮಾಡಿದ್ರೆ ಬೇರೆ ತರುದು. ಈಗ ಊರಲ್ಲಿ ಅಡಿಕೆ ತೋಟ ನೋಡ್ಕೊಂಡು ಇದ್ದೇನೆ, ಕುಡಿಯುದು ವರ್ಷಕ್ಕೆ ಎರಡು ಸಲ, ಆದ್ರೆ ನಾಲಗೆ ಮರೀಲಿಲ್ಲ.

ಮೊದಲು ಈ ರೂಮ್ ಟೆಂಪರೇಚರ್ ಕಥೆ. ಅದು ಯುರೋಪಿನ ಹಳೇ ಕಲ್ಲಿನ ಮನೆಯ ರೂಮು ಮಾರಾಯ್ರೆ, 16-18 ಡಿಗ್ರಿ ಇರ್ತಿತ್ತು. ಸೊಲ್ಲಾಪುರದ ರೂಮಲ್ಲಿ ಏಪ್ರಿಲಲ್ಲಿ ಇಟ್ರೆ ವೈನಲ್ಲ ಕಷಾಯ ಆಗ್ತದೆ. ಬಿಸಿಯಾದ ವೈನಲ್ಲಿ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೀತದೆ, ಹಣ್ಣಿನ ಪರಿಮಳ ಸತ್ತೇ ಹೋಗ್ತದೆ. ನಿಮ್ಮ ಜನವರಿ ಸಂಜೆ ತಂಪಿರ್ತದೆ ಅಂತ ಕೇಳಿದ್ದೇನೆ, ಆದ್ರೂ ಹಗಲು ಹೊಲದ ಬಿಸಿಲಲ್ಲಿ ಬಾಟ್ಲಿ ಇಡ್ಬೇಡಿ. ಕೆಂಪಾದ್ರೂ ಅರ್ಧ ಗಂಟೆ ಫ್ರಿಜ್ಜಲ್ಲಿ ತಂಪು ಮಾಡಿ.

ಎರಡನೇದು ಮಾಂಸಕ್ಕೆ ಕೆಂಪು. ಎಂತ ಗೊತ್ತುಂಟಾ, ಆ ಮಾತು ಬೆಂಕಿಯಲ್ಲಿ ಸುಟ್ಟ ದೊಡ್ಡ ತುಂಡಿಗೆ ಸರಿ. ತಾಟಲ್ಲಿ ಇರುದು ತಣ್ಣಗಿನ, ಉಪ್ಪು ಹಾಕಿದ, ತೆಳು ಹಾಳೆ. ಅದೂ ನಮ್ಮ ಅಂಗಡಿಯ ಚಿಕನ್ ಸಲಾಮಿ ಉಂಟಲ್ಲ, ಅದು ಹೆಸರಿಗೆ ಮಾತ್ರ ಸಲಾಮಿ. ಇಟಲಿಯ ಸಲಾಮಿ ಅಂದ್ರೆ ಹಂದಿ ಮಾಂಸ ಕೊಚ್ಚಿ, ಉಪ್ಪು ಹಾಕಿ, ಹುಳಿ ಬರಿಸಿ, ವಾರಗಟ್ಟಲೆ ನೇತುಹಾಕಿ ಒಣಗಿಸಿದ್ದು, ಬೇಯಿಸುದೇ ಇಲ್ಲ. ಇಲ್ಲಿಯ ಚಿಕನ್ ಸಲಾಮಿ ನುಣ್ಣಗೆ ಅರೆದು ಬೇಯಿಸಿದ್ದು, ರುಚಿ ಪಾಪದ್ದು. ಅದರ ಜೊತೆ ದಪ್ಪ ಕ್ಯಾಬರ್ನೆ ಕೊಟ್ರೆ ಆನೆ ಎದುರು ಆಡು ಕಟ್ಟಿದ ಹಾಗೆ.

ನೋಡ್ಬೇಕಾದ್ದು ಬಣ್ಣ ಅಲ್ಲ, ತಾಟಲ್ಲಿ ಉಪ್ಪು ಎಷ್ಟು, ಕೊಬ್ಬು ಎಷ್ಟು, ಖಾರ ಎಷ್ಟು. ವೈನಲ್ಲಿ ಹುಳಿ ಎಷ್ಟು, ಒಗರು ಎಷ್ಟು, ಸಿಹಿ ಎಷ್ಟು. ಮಟನ್ ಊಟಕ್ಕೆ ನಿಂಬೆಹಣ್ಣು ಯಾಕೆ ಇಡ್ತಾರೆ ಹೇಳಿ? ಎಣ್ಣೆ ಜಿಡ್ಡು ಕತ್ತರಿಸ್ಲಿಕ್ಕೆ. ವೈನಿನ ಹುಳಿಯದ್ದು ಅದೇ ಕೆಲಸ. ಚೀಸಿನ ಜಿಡ್ಡು ನಾಲಗೆಗೆ ಅಂಟಿಕೊಂಡಿರ್ತದೆ, ಹುಳಿ ಇರುವ ಬಿಳಿ ವೈನೋ ನೊರೆ ಬರುವ ಸ್ಪಾರ್ಕ್ಲಿಂಗೋ ಒಂದು ಗುಟುಕು ಕುಡಿದ್ರೆ ಬಾಯಿ ತೊಳೆದ ಹಾಗೆ ಆಗ್ತದೆ, ಮತ್ತೆ ಇನ್ನೊಂದು ತುಂಡು ಬೇಕು ಅನಿಸ್ತದೆ. ಹಡಗಲ್ಲಿ ನಾನು ಕಂಡದ್ದು ಇದೇ, ಚೀಸಿಗೆ ಕೆಂಪಿಗಿಂತ ಬಿಳಿ ಹೆಚ್ಚು ಸಲ ಹೊಂದ್ತದೆ. ಆದ್ರೆ ಜನಕ್ಕೆ ಹೇಳಿದ್ರೆ ನಂಬುದಿಲ್ಲ, ಕೆಂಪೇ ಗತ್ತು ಅಂತ.

ಸೊಲ್ಲಾಪುರ_ಸಿದ್ದು

ಹಡಗಿನ ಮಂದಿ ಮುಂದ ನಾವೇನ್ ಮಾತಾಡೂದ್ರಿ. ಆದ್ರೂ ಒಂದ್ ಮಾತು, ನಾ ಅಕ್ಲೂಜಿನಾಗ ಅವ್ರೇ ಚೀಸು ಕೊಟ್ಟು ಕೆಂಪು ವೈನ್ ಕೊಟ್ರು, ಭಾರಿ ಇತ್ತಲ್ಲ? ಅದೆಂಗ ಮತ್ತ?

ಕುಂಬ್ಳೆ_ಕರಾವಳಿ

ಯಾವ ಚೀಸು ಕೊಟ್ರು, ಯಾವ ಕೆಂಪು? ನೆನಪುಂಟಾ?

ಸೊಲ್ಲಾಪುರ_ಸಿದ್ದು

ಗಟ್ಟಿದು, ಒಡದ್ರ ಪುಡಿ ಪುಡಿ ಆಗ್ತಿತ್ತು, ಉಪ್ಪು ಭಾಳ. ವೈನ್ ಸ್ಯಾಂಜಿಯೋವೇಸೆ.

ಕುಂಬ್ಳೆ_ಕರಾವಳಿ

ಹಾಗಾದ್ರೆ ಭಾರಿ ಇರ್ಲೇಬೇಕು! ಹಳೇದಾಗಿ ಗಟ್ಟಿಯಾದ ಚೀಸಿಗೆ ಕೆಂಪು ಚಂದವೇ. ಸ್ಯಾಂಜಿಯೋವೇಸೆ ಇಟಲಿಯ ಟಸ್ಕನಿ ಕಡೆಯ ದ್ರಾಕ್ಷಿ, ಕಿಯಾಂಟಿ ಅಂತ ವೈನ್ ಕೇಳಿದ್ದೀರಲ್ಲ ಅದು ಇದರಲ್ಲೇ ಮಾಡುದು. ಕೆಂಪಾದ್ರೂ ಹುಳಿ ಒಳ್ಳೆ ಉಂಟು. ಆ ಕಡೆಯವರು ಬಡೇಸೊಪ್ಪು ಹಾಕಿದ ಸಲಾಮಿ ತಿನ್ನುದೂ ಅದರ ಜೊತೆಗೇ. ಅಂದ್ರೆ ಆ ಪುಣೆಯ ಇಂಪೋರ್ಟೆಡ್ ಪಾಕೀಟಿಗೆ ಜೋಡಿ ನಿಮ್ಮ ಜಿಲ್ಲೆಯಲ್ಲೇ ಉಂಟು. ಸೆಟ್ಟೆಯಲ್ಲೂ ಸ್ಯಾಂಜಿಯೋವೇಸೆ ಉಂಟು ಕ್ಯಾಬರ್ನೆ ಜೊತೆ, ಆದ್ರೆ ತಾಟಿಗೆ ಅಷ್ಟು ದುಡ್ಡು ಯಾಕೆ, ಬರೀ ಸ್ಯಾಂಜಿಯೋವೇಸೆ ಸಾಕು.

ಒಗರಿನ ವಿಷಯ ಒಂದು ಹೇಳಿ ನಿಲ್ಲಿಸ್ತೇನೆ. ಹಾಲಿಲ್ಲದ ಕಡಕ್ ಚಾ ಕುಡಿದ್ರೆ ಬಾಯಿ ಒಣಗ್ತದಲ್ಲ, ಅದು ಟ್ಯಾನಿನ್ ಅಂತ, ಜೊಲ್ಲಿನ ಪ್ರೋಟೀನ್ ಹಿಡ್ಕೊಳ್ತದೆ, ಹಾಗಾಗಿ ನಾಲಗೆ ಒರಟು ಒರಟು. ಹಾಲು ಹಾಕಿದ್ರೆ ಆ ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟ್ತದೆ, ಚಾ ಮೆತ್ತಗೆ ಆಗ್ತದೆ. ಕೆಂಪು ವೈನಲ್ಲಿ ಇರುದೂ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ ಬೀಜದ್ದು. ಗಟ್ಟಿ ಚೆಡ್ಡರು, ಹಳೇ ಗೌಡಾ ಕೊಟ್ರೆ ಹಾಲು ಹಾಕಿದ ಚಾ. ಆದ್ರೆ ಬ್ರೀ ಕೊಟ್ರೆ ಆಗುದಿಲ್ಲ, ಅದರ ಬಿಳಿ ಸಿಪ್ಪೆಯೂ ಬೂಸ್ಟೇ, ಅದಕ್ಕೂ ಒಗರು ಕೆಂಪಿಗೂ ಸೇರಿದ್ರೆ ಬಾಯಲ್ಲಿ ಹಳೇ ನಾಣ್ಯ ಚೀಪಿದ ಹಾಗೆ ಕಹಿ. ಬ್ರೀಗೆ ಸ್ಪಾರ್ಕ್ಲಿಂಗ್ ಮಾತ್ರ. ನಾಸಿಕ ಹತ್ತಿರ ದಿಂಡೋರಿಯಲ್ಲಿ ಮಾಡುವ ಶಾಂದೋನ್ ಬ್ರೂಟ್ (ಬ್ರೂಟ್ ಅಂದ್ರೆ ಸಿಹಿ ಇಲ್ಲದ್ದು) ಆಗಬಹುದು, ಸುಲಾದ ಬ್ರೂಟ್ ಆಗಬಹುದು.

ಹೊಸೂರ್_ಮಂಜ

ಒಳ್ಳೆ ಚರ್ಚೆ ನಡೀತಿದೆ. ನಮ್ಮ ಕಡೆಯ ಉಪ್ಪುಕಂಡ ಗೊತ್ತಲ್ಲ, ಮಟನ್‌ಗೆ ಉಪ್ಪು ಖಾರ ಅರಿಶಿನ ಹಚ್ಚಿ ದಾರಕ್ಕೆ ಪೋಣಿಸಿ ಬಿಸಿಲಲ್ಲಿ ಒಣಗಿಸೋದು, ಆಮೇಲೆ ಎಣ್ಣೇಲಿ ಹುರಿಯೋದು. ನಮ್ಮ ಸಲಾಮಿ ಅದೇ ಕಣ್ರೀ. ಹೋದ ಸಂಕ್ರಾಂತಿಗೆ ಭಾವ ಬೆಂಗಳೂರಿಂದ ಬಂದಾಗ ಗ್ರೋವರ್‌ದು ಲಾ ರಿಸರ್ವ್ ತಂದಿದ್ರು, ನಂದಿಬೆಟ್ಟದ ಕಡೆಯದ್ದು, ಕ್ಯಾಬರ್ನೆ ಶಿರಾಜ್ ಸೇರಿಸಿದ್ದು, ಒಳ್ಳೆ ವೈನೇ. ಉಪ್ಪುಕಂಡ ಒಂದು ತುಂಡು ಬಾಯಿಗೆ ಹಾಕ್ಕೊಂಡು ಒಂದು ಸಿಪ್ ಕುಡಿದೆ ಅಷ್ಟೇ, ಗಂಟಲಿಂದ ಕಿವಿವರೆಗೂ ಉರಿ! ಖಾರ ಎರಡರಷ್ಟು ಆಯ್ತು, ವೈನ್ ಬರೀ ಕಹಿ ಆಯ್ತು. ನಮ್ಮಪ್ಪ ನೀರು ಕುಡಿಯೋ ಅಂತ ಬೈದ್ರು. ಯಾಕೆ ಹಂಗಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಕುಂಬ್ಳೆ_ಕರಾವಳಿ

ಖಾರದ ಉರಿಯನ್ನು ಆಲ್ಕೋಹಾಲ್ ಹೆಚ್ಚು ಮಾಡ್ತದೆ, ಒಗರು ಇನ್ನೂ ಹೆಚ್ಚು ಮಾಡ್ತದೆ. ಆ ವೈನಲ್ಲಿ ಎರಡೂ ಉಂಟು. ಖಾರಕ್ಕೆ ಬೇಕಾದ್ದು ಕಡಿಮೆ ಆಲ್ಕೋಹಾಲ್, ಚೂರು ಸಿಹಿ, ಒಗರು ಇಲ್ಲದ್ದು, ಚೆನ್ನಾಗಿ ತಂಪು ಮಾಡಿದ್ದು. ಚೆನಿನ್ ಬ್ಲಾಂಕ್ ಅಂತ ದ್ರಾಕ್ಷಿ, ನಮ್ಮ ದೇಶದಲ್ಲಿ ಅದರದ್ದು ಹೆಚ್ಚಾಗಿ ಲಘು ಸಿಹಿಯಾಗಿಯೇ ಮಾಡ್ತಾರೆ, ಅದು ಕುಡೀಬೇಕಿತ್ತು ನೀವು. ಖಾರದ ಪಲ್ಯ ತಿಂದ ಮೇಲೆ ಬೆಲ್ಲ ಯಾಕೆ ಬಾಯಿಗೆ ಹಾಕ್ತೇವೆ, ಹಾಗೆ.

ಅಕ್ಕಲಕೋಟದವ್ರೆ ಇದು ನಿಮ್ಗೂ ಹೇಳಿದ್ದು. ಶೇಂಗಾ ಚಟ್ನಿ ಇಡ್ತೀರಿ ಅಂದ್ರಲ್ಲ, ಬೆಳ್ಳುಳ್ಳಿ ಕೆಂಪು ಮೆಣಸು ಹಾಕಿ ಕುಟ್ಟಿದ್ದು. ಆ ಚಟ್ನಿ ತಾಟಿಗೆ ಬಂದ ಕೂಡ್ಲೇ ಲೆಕ್ಕ ಪೂರ್ತಿ ಬದಲು. ಅತಿಥಿಗಳು ಚೀಸಿನ ಮೇಲೆ ಚಟ್ನಿ ಹಾಕಿ ತಿಂತಾರೆ, ಬೇಕಾದ್ರೆ ಬರೆದು ಕೊಡ್ತೇನೆ.

ಆದೋನಿ_ಗುಂಟೂರ್_ಮಿರ್ಚಿ

ಅದಕ್ಕೇ ಬೀರ್ ಅಂದಿದ್ದು ನಾನು. ಯಾರೂ ಕೇಳಲ್ಲ.

ಕುಂಬ್ಳೆ_ಕರಾವಳಿ

ನೀವು ಹೇಳಿದ್ದು ತಪ್ಪಲ್ಲ ಮಾರಾಯ್ರೆ, ಬೀರೂ ಹೊಂದ್ತದೆ, ನೊರೆ ಉಂಟು, ತಂಪು ಉಂಟು. ಪ್ರಶ್ನೆ ವೈನಿದ್ದು ಅಂತ ಸುಮ್ಮನಿದ್ದೆ.

ಜತ್ತ_ಅಕ್ಕ

ನಾ ಕುಡಿಯಂಗಿಲ್ಲ, ಮಾಂಸನೂ ತಿನ್ನಂಗಿಲ್ಲ, ಲಿಂಗಾಯತ್ರ ಮನಿ ನಮ್ದು, ಆದ್ರೂ ಓದ್ಲಾಕತ್ತೀನಿ, ಯಾಕಂದ್ರ ನಮ್ದೂ ದ್ರಾಕ್ಷಿ ತೋಟ ಅದ. ಎರಡು ಮಾತು ಹೇಳ್ತೀನಿ ತಮ್ಮಾ, ಸಿಟ್ಟಿಗೇಳಬ್ಯಾಡ.

ಒಂದು, ತಾರೀಖು ನೋಡ್ಕೋ. ಮುಂದಿನ ವಾರ ಸಂಕ್ರಾಂತಿ, ಸೊಲ್ಲಾಪುರದಾಗ ಸಿದ್ದರಾಮೇಶ್ವರನ ಗಡ್ಡಾ ಜಾತ್ರಿ. ನಿಮ್ಮ ಮನ್ಯಾಗ ನಡೀತದೋ ಇಲ್ಲೋ ನೀ ನೋಡ್ಕೋ, ನಮ್ಮ ಮನ್ಯಾಗ ಆ ನಾಕು ದಿನ ಉಳ್ಳಾಗಡ್ಡಿ ಸುದ್ದಾ ವಿಚಾರ ಮಾಡಿ ತಿಂತೀವಿ.

ಎರಡು, ಆ ಎಂಟು ಮಂದ್ಯಾಗ ಯಾರರ ಶಾಖಾಹಾರಿ ಅದಾರೇನು ಕೇಳು. ಚೀಸು ಅಂದ್ರ ಹಾಲಿಂದು, ಶಾಖಾಹಾರಿ ಅಂತ ನಾವು ತಿಳ್ಕೋತೀವಿ. ಆದ್ರ ಹಾಲು ಒಡಸ್ಲಾಕ ರೆನೆಟ್ ಅಂತ ಹಾಕ್ತಾರ, ಕೆಲವೊಂದ್ರಾಗ ಅದು ಕರುವಿನ ಹೊಟ್ಟ್ಯಾಗಿಂದು. ಇಟಲಿದು ಪಾರ್ಮಿಜಾನೋ ಅಂತ ಬರ್ತದಲ್ಲ, ಅದಕ್ಕ ಅದೇ ಬೇಕು, ಬ್ಯಾರೇದು ಹಾಕಂಗೇ ಇಲ್ಲ. ನನ್ನ ಮಗಳು ಹೇಳಿದ್ಲು, ಆಕಿ ಡೇರಿ ಓದ್ಯಾಳ. ಇಲ್ಲಿ ಮಾಡಿದ್ದು ಪಾಕೀಟಿನ ಮ್ಯಾಲ ಹಸರು ಚುಕ್ಕಿ ಇರ್ತದ, ನೋಡಿ ತಗೊಂಡ್ರ ಆತು. ಮತ್ತ ಮಾಂಸದ ತಾಟು ಚೀಸಿನ ತಾಟು ಬ್ಯಾರೆ ಬ್ಯಾರೆ ಇಡು, ಒಂದೇ ಚಾಕು ಎರಡಕ್ಕೂ ಹಾಕಬ್ಯಾಡ.

ಅಕ್ಕಲಕೋಟ_ದ್ರಾಕ್ಷಿ

ಅಕ್ಕಾ ಖರೇನ ಉಪಕಾರ ಆತು. ಜಾತ್ರಿ ನನ್ನ ತಲ್ಯಾಗೇ ಇರ್ಲಿಲ್ಲ, ಅವ್ವನೂ ನಿನ್ನಿ ಅದೇ ಹೇಳಿದ್ಲು, ನಾ ಕಿವಿಗೆ ಹಾಕ್ಕೊಂಡಿದ್ದಿಲ್ಲ. ತಂಗಿಗೆ ಫೋನ್ ಮಾಡಿ ಒಂದು ವಾರ ಮುಂದ ಹಾಕ್ಸೀನಿ, 24ಕ್ಕ. ಸೀತನಿ ಅಷ್ಟೊತ್ತಿಗೆ ಬಲಿತದೇನೋ ಅಂತ ಅಂಜಿಕಿ, ಆದ್ರ ತಡ ಬಿತ್ತಿದ ಒಂದು ಪಟ್ಟಿ ಅದ. ಶಾಖಾಹಾರಿ ಇಬ್ರು ಅದಾರಂತ.

ಇನ್ನೊಂದು ಡೌಟು. ನಮ್ಮ ಥಾಮ್ಸನ್‌ನಿಂದ ವೈನ್ ಯಾಕ ಮಾಡಂಗಿಲ್ಲ? 2022ರ ಜನವರಿದಾಗ ಸೂಪರ್ ಮಾರ್ಕೆಟ್ಟಿನಾಗ ವೈನ್ ಮಾರ್ಲಾಕ ನಮ್ಮ ಮಂತ್ರಿಮಂಡಳ ಒಪ್ಪಿಗಿ ಕೊಟ್ಟಾಗ ದ್ರಾಕ್ಷಿ ರೈತರಿಗೆ ಲಾಭ ಆಗ್ತದ ಅಂತ ಟಿವ್ಯಾಗ ಬಂತು, ಅಣ್ಣಾ ಹಜಾರೆಯವ್ರು ಉಪವಾಸ ಕೂಡ್ತೀನಿ ಅಂದ್ರು, ಊರಾಗ ಕಟ್ಟಿ ಮ್ಯಾಲ ಒಂದು ವಾರ ಜಗಳ. ನಮ್ಮಪ್ಪ ಮಾತ್ರ "ನಮ್ಮ ಮಾಲು ಅವ್ರು ಮುಟ್ಟಂಗೇ ಇಲ್ಲ, ನೀವ್ಯಾಕ ಬಡದಾಡ್ತೀರಿ" ಅಂದಿದ್ದ.

ಸೊಲ್ಲಾಪುರ_ಸಿದ್ದು

ಅಪ್ಪಾಜಿ ಖರೇ ಹೇಳ್ಯಾರ. ಅಕ್ಲೂಜಿನಾಗ ತೋರಿಸಿದ್ರು ನನಗ. ವೈನ್ ದ್ರಾಕ್ಷಿ ಅಂದ್ರ ಬಟಾಣಿ ಕಾಳಿನಷ್ಟು ಸಣ್ಣವು, ದಪ್ಪ ಸಿಪ್ಪಿ, ಒಳಗ ಬೀಜ. ತಿಂದ್ರ ಬಾಯ್ತುಂಬ ಸಿಪ್ಪಿ ಬೀಜನೇ. ಬಣ್ಣ ಒಗರು ಎಲ್ಲಾ ಸಿಪ್ಯಾಗೇ ಇರೋದು, ಕಾಯಿ ಸಣ್ಣದಿದ್ದಷ್ಟು ರಸಕ್ಕ ಸಿಪ್ಪಿ ಜಾಸ್ತಿ. ನಾವು ಥಾಮ್ಸನ್‌ಗೆ ಕಾಯಿ ದಪ್ಪ ಆಗ್ಲಿ ಅಂತ ಜಿಬ್ಬರೆಲಿಕ್ ಹೊಡೀತೀವಿ, ಅವ್ರು ಗೊನಿ ಕಿತ್ತು ಒಗ್ದು ಇಳುವರಿ ಕಮ್ಮಿ ಮಾಡ್ತಾರ! ಉಲ್ಟಾ ಧಂದೆ. ಬ್ರಿಕ್ಸ್ (ರಸದಾಗಿನ ಸಕ್ಕರಿ ಅಳತಿ) 22-24 ಬಂದ ಮ್ಯಾಲ ಕಟಾವು. ಛಾಟಣಿ (ಬಳ್ಳಿ ಕತ್ತರಿಸೋದು) ಮಾತ್ರ ನಮ್ಮಂಗೇ ಎರಡು ಸಲ, ಏಪ್ರಿಲ್ದು ಒಂದು, ಮಳಿ ಮುಗದ ಮ್ಯಾಲ ಒಂದು. ಯುರೋಪಿನಾಗ ಒಂದೇ ಸಲ, ಅಲ್ಲಿ ಬಳ್ಳಿ ಚಳಿಗೆ ತಾನೇ ಮಲಗ್ತದ, ನಮ್ಮಲ್ಲಿ ಮಲಗಂಗೇ ಇಲ್ಲ.

ಮತ್ತ ಕುಂಬ್ಳೆ ಅಣ್ಣಾ, ನಾ ಒಪ್ಪಿದ್ನಿ, ಎರಡು ಸೆಟ್ಟೆ ಕ್ಯಾನ್ಸಲ್. ಆದ್ರ ಒಂದರ ಕೆಂಪು ಇರ್ಲಿ, ಕೆಂಪಿಲ್ಲದ್ರ ಪುಣೇ ಮಂದಿ ಏನಂದಾರು.

ಇಂಡಿ_ನಿಂಬೆ

ವಿಜಯಪುರದಿಂದ ನಾ ತಂದುಕೊಡ್ಲ್ಯಾ ಅಕ್ಕಲಕೋಟದ ಅಣ್ಣಾ? ನಮ್ಮ ಕಡಿ ವೆರೈಟಿ ಜಾಸ್ತಿ ಅದಾವ, ಹೆಂಗೂ ಶನಿವಾರ ಆ ಕಡಿ ಬರಾವಿದ್ದೀನಿ.

ಸೊಲ್ಲಾಪುರ_ಸಿದ್ದು

ಬ್ಯಾಡೋ ಮಾರಾಯಾ. ಕರ್ನಾಟಕದ ಬಾಟ್ಲಿ ಮಹಾರಾಷ್ಟ್ರಕ್ಕ ತರಂಗಿಲ್ಲ, ಗಡಿ ನಾಕಾದಾಗ ಹಿಡದ್ರ ವೈನ್ ಹೋಗ್ಲಿ ಗಾಡೀನೂ ಹೋಗ್ತದ. ನಮಗ ಮಾತು ಒಂದೇ ಇದ್ರೂ ಅಬಕಾರಿ ಎರಡದಾವ. ಇಲ್ಲೇ ಲೈಸೆನ್ಸ್ ಅಂಗಡ್ಯಾಗ ತಗೊಂಡು, ಒಂದು ದಿನದ ಪರ್ಮಿಟ್ ಸಿಗ್ತದ ಅದೂ ತಗೊಂಡು, ಬಿಲ್ ಇಟ್ಕೋ. ಮತ್ತ ಬರಾವ್ರಾಗ 21 ಆಗದ ಹುಡುಗ್ರಿದ್ರ ಅವ್ರಿಗೆ ಕೊಡಬ್ಯಾಡ.

ಕುಂಬ್ಳೆ_ಕರಾವಳಿ

ನಮ್ಮ ಕೇರಳದಲ್ಲಿ 23. ಬೆವ್ಕೋ (ಸರ್ಕಾರಿ ಮದ್ಯದಂಗಡಿ) ಕ್ಯೂನಲ್ಲಿ ನಿಂತು ನಿಂತು ಅದು ಹೇಗೂ ಆಗ್ತದೆ ಬಿಡಿ.

ಅಂಗಡಿಯಲ್ಲಿ ಇದೊಂದು ನೋಡಿ. ಬಾಟ್ಲಿ ಕಿಟಕಿ ಪಕ್ಕ, ಟ್ಯೂಬ್‌ಲೈಟ್ ಕೆಳಗೆ, ಧೂಳು ಹಿಡಿದು ನೆಟ್ಟಗೆ ನಿಂತಿದ್ರೆ ಮುಟ್ಬೇಡಿ. ನಿಮ್ಮ ಊರಿನ ಒಂದು ಬೇಸಿಗೆ ಕಂಡ ಬಾಟ್ಲಿ ಬೆಂದಿರ್ತದೆ. ಕಾರ್ಕು ಮೇಲೆ ಉಬ್ಬಿ ಬಂದಿದ್ರೆ, ಬಾಯಿಯ ಹತ್ತಿರ ಅಂಟು ಅಂಟು ಇದ್ರೆ ಅದು ಬಿಸಿಗೆ ಉಕ್ಕಿದ್ದು ಅಂತ ಅರ್ಥ. ಬಿಳಿ ವೈನ್ ಆದ್ರೆ ಆದಷ್ಟು ಈಚಿನ ವರ್ಷದ್ದು ಕೇಳಿ, ಹಳೇದಾದಷ್ಟು ಒಳ್ಳೇದು ಅನ್ನುದು ಈ ಬೆಲೆಯ ವೈನಿಗೆ ಇಲ್ಲ. ಸ್ಕ್ರೂ ಮುಚ್ಚಳದ್ದು ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, ಹೊಲದಲ್ಲಿ ಕಾರ್ಕ್ ತೆಗೆಯುವ ಸ್ಕ್ರೂ ಹುಡುಕ್ಲಿಕ್ಕೆ ಯಾರಿಗೆ ಪುರುಸೊತ್ತು.

ಅಕ್ಕಲಕೋಟ_ದ್ರಾಕ್ಷಿ

ಅಣ್ಣಾ ಈಗ ಒಂದ್ಸಲ ಬಿಡಿಸಿ ಹೇಳಿಬಿಡ್ರಿ, ಐದು ಬಾಟ್ಲಿ ಅಂದ್ರ ಯಾವ್ಯಾವು? ಎಂಟು ಮಂದಿ, ಅದ್ರಾಗ ತಂಗಿ ಕುಡಿಯಂಗಿಲ್ಲ ಅಂತಾಳ (ನನ್ನ ಮುಂದ).

ಕುಂಬ್ಳೆ_ಕರಾವಳಿ

ಹಹಹ ತಂಗಿಯ ಲೆಕ್ಕ ತಂಗಿಗೆ ಬಿಡಿ.

750 ಎಂಎಲ್ ಬಾಟ್ಲಿಯಲ್ಲಿ ಐದು ಗ್ಲಾಸು ಬರ್ತದೆ, ಒಬ್ಬರಿಗೆ ಅರ್ಧ ಬಾಟ್ಲಿ ಹಿಡಿದ್ರೆ ನಾಲ್ಕು ಸಾಕು. ಎಲ್ರೂ ವಾಪಸ್ ಗಾಡಿ ಓಡಿಸ್ಕೊಂಡು ಹೋಗುವವ್ರು ಅಲ್ಲ ತಾನೆ? ಡ್ರೈವರ್ ಇಲ್ಲದಿದ್ರೆ ರಾತ್ರಿ ಅಲ್ಲೇ ಮಲಗ್ಸಿ.

ನಾನಾಗಿದ್ರೆ ಒಂದು ಸ್ಪಾರ್ಕ್ಲಿಂಗ್ ಬ್ರೂಟ್ ತಗೊಳ್ತಿದ್ದೆ, ಬಂದ ಕೂಡ್ಲೇ ಕೊಡ್ಲಿಕ್ಕೆ, ಬ್ರೀಗೂ ಹ್ಯಾಮಿಗೂ ಸೀತನಿಗೂ. ಸೀತನಿ ನಾನು ತಿಂದಿಲ್ಲ, ಆದ್ರೆ ಎಳೇ ಜೋಳ ಕೆಂಡದಲ್ಲಿ ಸುಟ್ಟದ್ದು, ಹಾಲು ಹಾಲು ಸಿಹಿ, ಹೊಗೆ ವಾಸನೆ ಅಂತ ನೀವು ಹೇಳುದು ಕೇಳಿದ್ರೆ ಅದಕ್ಕೆ ನೊರೆ ವೈನ್ ಚಂದವೇ ಆಗ್ಬೇಕು. ಮತ್ತೆ ಚೆನಿನ್ ಬ್ಲಾಂಕ್, ಇದು ಎರಡು ತನ್ನಿ, ಒಂದಲ್ಲ. ಚಟ್ನಿ ಇರುವ ಕಡೆ ಇದೇ ಮೊದಲು ಖಾಲಿ ಆಗುದು. ಸ್ಯಾಂಜಿಯೋವೇಸೆ ಒಂದು, ಚೆಡ್ಡರಿಗೆ, ಗೌಡಾಕ್ಕೆ, ಆ ಇಟಲಿ ಸಲಾಮಿಗೆ. ಗೌಡಾ ಎಳೇದು ಮೆತ್ತಗೆ ಇದ್ರೆ ಅದಕ್ಕೂ ಚೆನಿನ್ನೇ ಸಾಕು.

ನೀಲಿ ಬೂಸ್ಟಿನ ಚೀಸು ಉಂಟಲ್ಲ, ಅದು ಬೇರೆಯೇ ಜಾತಿ. ಉಪ್ಪು ಜೋರು, ಘಾಟು ಜೋರು, ಒಣ ಕೆಂಪು ಕೊಟ್ರೆ ಎರಡೂ ಹಾಳು. ಅದಕ್ಕೆ ಸಿಹಿ ವೈನೇ ಬೇಕು. ಇಂಗ್ಲೆಂಡಿನವರು ಸ್ಟಿಲ್ಟನ್ ಜೊತೆ ಪೋರ್ಟ್ ಕುಡೀತಾರೆ, ಫ್ರಾನ್ಸಿನವರು ರೋಕ್ಫೋರ್ ಜೊತೆ ಸೋಟೆರ್ನ್ ಅಂತ ಸಿಹಿ ಬಿಳಿ. ನೀವು ಹೋದ ವರ್ಷ ಕೆಮ್ಮಿನ ಔಷಧಿ ಅಂದ್ರಲ್ಲ, ಆ ಬಾಟ್ಲಿ ಇನ್ನೂ ಉಂಟಾ? ಅಸಲಿ ಪೋರ್ಟ್ ಪೋರ್ಚುಗಲ್ಲಿದ್ದು, ಹುದುಗು ಪೂರ್ತಿ ಆಗುವ ಮೊದಲೇ ಬ್ರಾಂಡಿ ಹಾಕಿ ನಿಲ್ಲಿಸ್ತಾರೆ, ಹಾಗಾಗಿ ಸಕ್ಕರೆ ಉಳೀತದೆ, ಆಲ್ಕೋಹಾಲ್ 19-20ಕ್ಕೆ ಹೋಗ್ತದೆ. ಇಲ್ಲಿಯ ಅಗ್ಗದ್ದು ಅಷ್ಟು ಒಳ್ಳೇದಲ್ಲ, ಆದ್ರೂ ಒಂದು ಚಮಚದಷ್ಟು ನೀಲಿ ಚೀಸಿನ ಜೊತೆ ಕುಡಿದು ನೋಡಿ. ಇಲ್ಲಾಂದ್ರೆ ಸುಲಾದಲ್ಲಿ ಲೇಟ್ ಹಾರ್ವೆಸ್ಟ್ ಚೆನಿನ್ ಅಂತ ಸಣ್ಣ ಬಾಟ್ಲಿ ಬರ್ತದೆ, ದ್ರಾಕ್ಷಿ ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ಸಕ್ಕರೆ ಏರಿಸಿದ್ದು.

ಅದಕ್ಕಿಂತ, ನಿಮ್ಮದೇ ಬೇದಾಣಾ ನಾಲ್ಕು ಕಾಳು ನೀಲಿ ಚೀಸಿನ ಮೇಲೆ ಇಟ್ಟು ಕೊಡಿ. ಹಡಗಲ್ಲಿ ಅದಕ್ಕೆ ಒಣದ್ರಾಕ್ಷಿ ಜೇನು ಇಡದೆ ಕೊಡ್ತಿರ್ಲಿಲ್ಲ.

ಫ್ರಿಜ್ ಇಲ್ಲದ ಹೊಲದಲ್ಲಿ ತಂಪು ಮಾಡುದು ಹೇಗೆ ಅಂತ ಕೇಳುವ ಮೊದಲೇ ಹೇಳ್ತೇನೆ, ಬರೀ ಐಸಲ್ಲಿ ಇಡ್ಬೇಡಿ. ಬಕೆಟಲ್ಲಿ ಅರ್ಧ ನೀರು, ಅರ್ಧ ಐಸು, ಒಂದು ಹಿಡಿ ಕಲ್ಲುಪ್ಪು. ಅರ್ಧ ಗಂಟೆ ಸಾಕು. ಕೆಂಪಿಗೆ ಹತ್ತು ನಿಮಿಷ. ಚೀಸು ಮಾತ್ರ ಉಲ್ಟಾ, ತಿನ್ನುವ ಅರ್ಧ ಗಂಟೆ ಮೊದಲೇ ಹೊರಗೆ ಇಡಿ, ತಣ್ಣಗಿದ್ರೆ ಮೇಣ ತಿಂದ ಹಾಗೆ.

ಹೊಸೂರ್_ಮಂಜ

ಬಕೆಟ್ ಉಪ್ಪು ಐಡಿಯಾ ನೋಟ್ ಮಾಡ್ಕೊಂಡೆ. ಬೆಂಗಳೂರು ಬ್ಲೂ ದ್ರಾಕ್ಷಿದು ಸಿಹಿ ವೈನ್ ಬರ್ತದಲ್ಲ ನಮ್ಮ ಕಡೆ, ಅದು ನೀಲಿ ಚೀಸಿಗೆ ಆಗಲ್ವಾ?

ಕುಂಬ್ಳೆ_ಕರಾವಳಿ

ಆಗ್ತದೆ, ಆದ್ರೆ ಆ ದ್ರಾಕ್ಷಿಯ ವಾಸನೆ ಗಾಢ, ಜ್ಯೂಸಿನ ಹಾಗೆ, ಚೀಸು ಗೊತ್ತೇ ಆಗುದಿಲ್ಲ. ನಮ್ಮ ಊರಿನ ಕ್ರಿಶ್ಚಿಯನ್ ಮನೆಗಳಲ್ಲಿ ಕ್ರಿಸ್ಮಸಿಗೆ ಕೊಡುವ ದ್ರಾಕ್ಷಿ ವೈನೂ ಹಾಗೇ, ಕೇಕಿಗೆ ಬಹಳ ಚಂದ, ಚೀಸಿಗೆ ಅಲ್ಲ.

ಜತ್ತ_ಅಕ್ಕ

ಕುಡಿಯದಾವ್ರಿಗೆ ಏನಿಡ್ತೀ ತಮ್ಮಾ? ಬರೇ ನೀರಿನ ಬಾಟ್ಲಿ ಕೊಟ್ಟು ಮೂಲ್ಯಾಗ ಕುಂದ್ರಸಬ್ಯಾಡ. ತೋಟದ್ದೇ ಹುಳಿ ದ್ರಾಕ್ಷಿ ಇನ್ನೂ ಹಣ್ಣಾಗದದ್ದು ಕಿತ್ತು ಹಿಂಡಿ, ಸ್ವಲ್ಪ ಬೆಲ್ಲ, ಸೋಡಾ ಹಾಕು. ಕುಂಬ್ಳೆಯವ್ರು ಹೇಳಿದ ಹುಳಿ ನೊರಿ ಎರಡೂ ಬಂದ್ವು. ಇಲ್ಲಂದ್ರ ಮಜ್ಜಿಗಿ, ನಮ್ಮ ಕಡಿ ಖಾರಕ್ಕ ಮಜ್ಜಿಗಿಗಿಂತ ಜೋಡಿ ಯಾವ್ದದ.

ಕುಂಬ್ಳೆ_ಕರಾವಳಿ

ಅಕ್ಕ ನೀವು ಹಡಗಲ್ಲಿ ಇರ್ಬೇಕಿತ್ತು.

ಅಕ್ಕಲಕೋಟ_ದ್ರಾಕ್ಷಿ

ಎಲ್ಲಾರ್ಗೂ ಶರಣ್ರಿ. ಪಾರ್ಟಿ ಮುಗದು ಎರಡು ದಿನ ಆತು, ರಿಪೋರ್ಟ್ ಕೊಡ್ತೀನಿ.

ಮೊದಲ, ಸ್ಪಾರ್ಕ್ಲಿಂಗ್ ಬಾಟ್ಲಿ ಬಿಚ್ಚೂಮುಂದ ಬಿರಡಿ ಹಾರಿ ಎತ್ತಿನ ಕೊಟ್ಟಿಗಿ ತಗಡಿಗೆ ಬಡೀತು, ಎತ್ತು ಹಗ್ಗ ಹರ್ಕೊಂಡು ಜೋಳದಾಗ ಹೋತು, ಎತ್ತು ಹಿಡಿಲಾಕ ಹತ್ತು ನಿಮಿಷ. ಯಾರೂ ಇದು ಹೇಳಿದ್ದಿಲ್ಲ. ಬಂದು ನೋಡಿದ್ರ ಅರ್ಧ ನೊರಿ ನೆಲಕ್ಕ. ಉಳದದ್ದು ಸೀತನಿ ಜೋಡಿ ಕೊಟ್ನಿ, ಬಿಸಿ ಬಿಸಿ ಕಾಳು ಕೈಯಾಗ ಉಜ್ಜಿ ಊದಿ ಕೊಡ್ತಿದ್ವಿ, ಆ ಪುಣೇ ಹುಡುಗಿ ಒಬ್ಬಾಕಿ ಕಣ್ಣು ಮುಚ್ಚಿ ಸುಮ್ನ ಕುಂತ್ಲು. ಬ್ರೀ ಚೀಸಿಗೂ ನೀವಂದಂಗ ಹೊಂದಿತು.

ಕುಂಬ್ಳೆ ಅಣ್ಣಾ ಬರೆದು ಕೊಡ್ತೀನಿ ಅಂದಿದ್ರಲ್ಲ, ಚೀಸಿನ ಮ್ಯಾಲ ಚಟ್ನಿ ಹಾಕಿದ್ರು ಖರೇ, ಅದೂ ಕಡಕ್ ರೊಟ್ಟಿ ಮುರದು ಅದ್ರ ಮ್ಯಾಲ ಗೌಡಾ ಇಟ್ಟು ಮ್ಯಾಲ ಶೇಂಗಾ ಚಟ್ನಿ. ಚಿಕನ್ ಸಲಾಮಿ ಹಂಗೇ ಉಳೀತು, ಯಾರೂ ಮುಟ್ಲಿಲ್ಲ. ಎರಡೂ ಚೆನಿನ್ ಒಂದು ತಾಸಿನಾಗ ಖಾಲಿ. ಇನ್ನೊಂದು ತರಬೇಕಿತ್ತು. ನೀಲಿ ಚೀಸು ಮೊದಲ ಯಾರಿಗೂ ಬ್ಯಾಡಾಗಿತ್ತು, ಬೇದಾಣಾ ಇಟ್ಟು ಹಳೇ ಪೋರ್ಟು (ಇತ್ತು ಇನ್ನೂ, ದೇವ್ರಾಣಿ, ಅಟ್ಟದ ಮ್ಯಾಲ) ಒಂದೊಂದು ಗುಟುಕು ಕೊಟ್ಟ ಮ್ಯಾಲ ಜಗಳ ಬಿದ್ದು ತಿಂದ್ರು. ಒಂದು ವರ್ಷ ಅಟ್ಟದ ಬಿಸಿಗೆ ಬೆಂದಿದ್ರೂ ಆ ಚೀಸಿನ ಮುಂದ ಗೊತ್ತಾಗ್ಲಿಲ್ಲ. ಅಕ್ಕನ ಹುಳಿ ದ್ರಾಕ್ಷಿ ಸೋಡಾ ಶಾಖಾಹಾರಿಗಳಿಗಿಂತ ಉಳದಾವ್ರೇ ಜಾಸ್ತಿ ಕುಡದ್ರು.

ಖರೇ ಸುದ್ದಿ ಬ್ಯಾರೆ ಅದ. ಅಪ್ಪ ಜೀವನದಾಗ ಬಾಯಿಗೆ ಹಚ್ಚಿದಾಂವ ಅಲ್ಲ, ದೂರ ಬೇವಿನ ಗಿಡದ ಬುಡಕ ಕುಂತು ನೋಡ್ತಿದ್ದ. ಎಲ್ಲಾರೂ ಒಳಗ ಹೋದ ಮ್ಯಾಲ ನನ್ನ ಕರದು, ಚೆನಿನ್ ಗ್ಲಾಸಿನ ತಳದಾಗ ಉಳದದ್ದು ಮೂಸಿ ನೋಡಿದ, ಬೆರಳು ಅದ್ದಿ ನಾಲಿಗಿಗೆ ಹಚ್ಕೊಂಡ. "ಎಷ್ಟು ಬ್ರಿಕ್ಸಿಗೆ ಕಟಾವು ಮಾಡ್ಯಾರಂತ?" ಅಂದ. ಸಿದ್ದು ಅಣ್ಣಾ ಹೇಳಿದ 22-24 ಹೇಳಿದ್ನಿ. "ಹುಳಿ ಇನ್ನೂ ಅದ, ಮೊದಲೇ ಕಿತ್ತಾರ" ಅಂತ ಅಂದು ಎದ್ದು ನೀರು ಬಿಡ್ಲಾಕ ಹೋದ.

ಸೊಲ್ಲಾಪುರ_ಸಿದ್ದು

ಅಪ್ಪಾಜಿಯವ್ರ ನಾಲಿಗಿಗೆ ಕಾರ್ಖಾನ್ಯಾಗ ಕೆಲ್ಸ ಕೊಡ್ತಾರ ನೋಡು! ಬಿಳಿ ವೈನಿಗೆ ಹುಳಿ ಉಳೀಲಿ ಅಂತ ಕೆಂಪಿಗಿಂತ ಮೊದಲೇ ಕೀಳ್ತಾರ, ನಾ ನಿನಗ ಹೇಳೋದು ಬಿಟ್ಟಿದ್ನಿ. ಕೆಂಪು ಏನಾತು? ಸ್ಯಾಂಜಿಯೋವೇಸೆ?

ಅಕ್ಕಲಕೋಟ_ದ್ರಾಕ್ಷಿ

ಇಟಲಿ ಸಲಾಮಿ ಜೋಡಿ ಇಬ್ರು ಕುಡದು ಛಲೋ ಅದ ಅಂದ್ರು, ಅರ್ಧಕ್ಕಿಂತ ಜಾಸ್ತಿ ಉಳದದ. ಏನ್ ಮಾಡ್ಲಿ?

ಕುಂಬ್ಳೆ_ಕರಾವಳಿ

ಮುಚ್ಚಳ ಬಿಗಿ ಮಾಡಿ ಫ್ರಿಜ್ಜಲ್ಲಿ ನೆಟ್ಟಗೆ ನಿಲ್ಲಿಸಿ, ಮೂರು ದಿನ ತೊಂದ್ರೆ ಇಲ್ಲ. ಆಮೇಲೆ ಮಟನಿಗೆ ಹಾಕಿ ಬೇಯಿಸಿ, ಖಾರ ಕಡಿಮೆ ಮಾಡಿ.

ಅಕ್ಕಲಕೋಟ_ದ್ರಾಕ್ಷಿ

ಫ್ರಿಜ್‌ನಾಗೇ ಅದ ಅಣ್ಣಾ. ಅವ್ವ ಅದ್ರ ಬಾಜೂಕ ಹಾಲಿನ ಪಾತೇಲಿ ಇಡಂಗಿಲ್ಲ ಅಂತಾಳ, ಎರಡು ದಿನದಿಂದ ಹಾಲು ಹೊರಗೇ ಕಾಯಿಸಿ ಕಾಯಿಸಿ ಇಡ್ಲಾಕತ್ತಾಳ. ಇವತ್ತ ಮಟನ್ ತರ್ತೀನಿ.